ತೋಳಿನ ಡಬ್ಬಿ

ನಾನು ಹುಟ್ಟುವುದಕ್ಕೆ ಮುಂಚೆ ಶೇಂಗಾ ಎಣ್ಣೆಯ ಎರಡು ಡಬ್ಬಿಗಳಾಗಿದ್ದೆ. ಗದಗ ಸೀಮೆಯ ಒಂದು ನೇಕಾರರ ಊರಿನಲ್ಲಿ, ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ ದಾವಲಸಾಬರ ತಗಡಿನ ಅಂಗಡಿ ಇತ್ತು. ಅವರು ಆ ಎರಡನ್ನೂ ಕತ್ತರಿಸಿ, ಬಡಿದು ನೆಟ್ಟಗೆ ಮಾಡಿ, ಬೆಸುಗೆ ಹಾಕಿ ನನ್ನನ್ನು ಮಾಡಿದರು. ಒಂದು ಮೊಳ ಎತ್ತರ, ದುಂಡು ಹೊಟ್ಟೆ, ಎರಡು ಕಡೆ ಹಿಡಿಕೆ. ನೋಡಲು ಚೆಂದವೇನಲ್ಲ. ಡಬ್ಬಿಗೆ ಚೆಂದ ಯಾತಕ್ಕೆ ಬೇಕು, ಸೋರದಿದ್ದರೆ ಸಾಕು.

ನನ್ನನ್ನು ಮಾಡಿಸಿದವರು ಆಗಿನ ಪಾದ್ರಿಗಳ ಹೆಂಡತಿ. ನಮ್ಮ ಸಭೆಯಲ್ಲಿ ಪಾದ್ರಿಗಳನ್ನು ಅಯ್ಯನವರು ಎನ್ನುತ್ತಾರೆ, ಅವರ ಹೆಂಡತಿಯನ್ನು ಅಮ್ಮನವರು. ಈ ಅಮ್ಮನವರು ಕರಾವಳಿಯ ಕಡೆಯವರು. ಅವರ ತವರಿನ ಕ್ರೈಸ್ತರ ಮನೆಗಳಲ್ಲಿ ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದು ಬಡವರಿಗೆಂದು ಬೇರೆ ಇಡುವ ವಾಡಿಕೆ ಇತ್ತಂತೆ. ಇಲ್ಲಿಗೆ ಬಂದು ನೋಡಿದರೆ ಅಕ್ಕಿ ಹಬ್ಬಕ್ಕೆ ಮಾತ್ರ, ದಿನದ ಊಟಕ್ಕೆ ಜೋಳದ ರೊಟ್ಟಿ. ಸರಿ, ಹಿಡಿ ಅಕ್ಕಿ ಹೋಗಿ ಹಿಡಿ ಹಿಟ್ಟಾಯಿತು. ಸಭೆಯ ಇಪ್ಪತ್ತೆರಡು ಮನೆಗಳ ಹೆಂಗಸರು ರೊಟ್ಟಿ ಬಡಿಯುವ ಮೊದಲು ದಿನಕ್ಕೊಂದು ಹಿಡಿ ಹಿಟ್ಟು ತೆಗೆದಿಡಬೇಕು. ಶನಿವಾರ ಬೆಳಿಗ್ಗೆ ನಾನು ಮನೆಮನೆಗೆ ಹೋಗಬೇಕು. ಕೂಡಿದ್ದನ್ನು ದಿಕ್ಕಿಲ್ಲದ ಮೂವರು ಮುದುಕಿಯರಿಗೆ ಹಂಚಬೇಕು. ನಾನು ಹುಟ್ಟಿದ್ದೇ ಈ ಕೆಲಸಕ್ಕೆ.

ಹುಟ್ಟುವಾಗಲೇ ಒಂದು ಎಡವಟ್ಟಾಯಿತು. ಅಮ್ಮನವರು ಬಾಯಿ ಸಣ್ಣದಿರಲಿ ಎಂದು ಹೇಳಿದ್ದರು. ದಾವಲಸಾಬರು ತಮ್ಮ ಬುದ್ಧಿ ಓಡಿಸಿ ಅಗಲ ಮಾಡಿಬಿಟ್ಟರು. "ಬಾಯಿ ಸಣ್ಣದಾದ್ರ ತೊಳಿಯೂದು ಹ್ಯಾಂಗ್ರಿ ಅಮ್ಮಾರ?" ಎಂದು ಕೇಳಿದರು. ಅಮ್ಮನವರು ದುಡ್ಡು ಕೊಟ್ಟು ನನ್ನನ್ನು ಎತ್ತಿಕೊಂಡರು. ಹಾಗೆ ಮೊದಲನೆಯ ಶನಿವಾರ ನಾನು ಬಾಯಿ ತೆರೆದುಕೊಂಡೇ ಓಣಿಗೆ ಇಳಿದೆ.

ಮೊದಲ ಮನೆಯಾಕೆ ಮೊರದ ತುಂಬ ಹಿಟ್ಟು ತಂದು, ಬೀದಿಗೆಲ್ಲ ಕಾಣುವಂತೆ ಸುರಿದಳು. ಎರಡನೆಯ ಮನೆಯಾಕೆ ಸೆರಗಿನೊಳಗಿಂದ ಸಣ್ಣ ಬಟ್ಟಲು ತೆಗೆದಳು. ಮೊದಲ ಮನೆಯಾಕೆ ಬಗ್ಗಿ ನೋಡಿ, "ಇಷ್ಟ ಏನ?" ಎಂದಳು. ಅವಳು ಕೆಟ್ಟವಳಲ್ಲ, ಬಾಯಿಗೆ ಬಂದದ್ದು ಅಂದಳು ಅಷ್ಟೇ. ಆದರೆ ಮುಂದಿನ ಶನಿವಾರ ನಾವು ಹೋದಾಗ ಎರಡನೆಯ ಮನೆಗೆ ಬೀಗ ಬಿದ್ದಿತ್ತು.

ಅಂದು ಅಮ್ಮನವರು ಊಟ ಬಿಟ್ಟು ಕೂತು, ಅಯ್ಯನವರ ಹಳೆಯ ಕರಿ ನಿಲುವಂಗಿಯ ಒಂದು ತೋಳನ್ನು ಕತ್ತರಿಯಿಂದ ಕತ್ತರಿಸಿದರು. ದಾವಲಸಾಬರಿಂದ ನನ್ನ ಬಾಯಿಯ ಸುತ್ತ ಮೊಳೆಯಲ್ಲಿ ತೂತು ಹೊಡೆಸಿ, ಆ ತೋಳನ್ನು ಅಂಚಿಗೆ ಹೊಲಿದರು. ಅಗಲವಾದ ಭುಜದ ಕಡೆ ನನ್ನ ಬಾಯಿಗೆ, ಸಣ್ಣ ಮುಂಗೈ ಕಡೆ ಮೇಲಕ್ಕೆ. ಅಂದಿನಿಂದ ನನ್ನೊಳಗೆ ಕೈ ಹಾಕಬೇಕಾದರೆ ಅಯ್ಯನವರ ತೋಳಿನೊಳಗಿಂದಲೇ ಮೊಣಕೈವರೆಗೆ ಇಳಿಸಬೇಕು. ಓಣಿಯವರು ನನಗೆ ತೋಳಿನ ಡಬ್ಬಿ ಎಂದು ಹೆಸರಿಟ್ಟರು.

ಭಾನುವಾರ ಆರಾಧನೆ ಮುಗಿದ ಮೇಲೆ ಅಮ್ಮನವರು ಹೆಂಗಸರನ್ನು ಕೂರಿಸಿ ಹೇಳಿದರು: "ನೋಡಿ, ಪ್ರತಿ ಮನೆಯಲ್ಲೂ ಕೈ ಹಾಕಲೇಬೇಕು, ಬಿಡುವ ಹಾಗಿಲ್ಲ. ಇದ್ದವರು ಒಳಗೆ ಹಾಕಿ, ಇಲ್ಲದವರು ಒಳಗಿಂದ ತೆಗೆಯಿರಿ. ಡಬ್ಬಿ ಹೊತ್ತವಳು ಆಗ ಬೀದಿಗೆ ಮುಖ ಮಾಡಿ ನಿಲ್ಲಬೇಕು. ಯಾರು ಹಾಕಿದ್ರು, ಯಾರು ತೆಗೆದ್ರು ಅಂತ ಕೇಳಿದವರಿಗೆ ನಮ್ಮ ಮನೆಯಲ್ಲಿ ಚಾ ಇಲ್ಲ, ಆಯ್ತಾ?"

ಎಲ್ಲರೂ ನಕ್ಕರು. ತೆಗೆಯುವಂಥವರು ನಮ್ಮಲ್ಲಿ ಯಾರಿದ್ದಾರೆ ಎಂಬ ನಗೆ ಅದು.

ಮೂರನೆಯ ವಾರವೇ ಒಂದು ಬರಿಗೈ ಒಳಗೆ ಬಂತು. ಹಿಟ್ಟಿನಲ್ಲಿ ಬೆರಳು ಊರಿ ಬಹಳ ಹೊತ್ತು ಸುಮ್ಮನಿತ್ತು. ಆಮೇಲೆ ಮುಷ್ಟಿ ಕಟ್ಟಿತು. ಯಾರ ಕೈ ಎಂದು ಕೇಳಬೇಡಿ. ನಾನು ಕಂಡದ್ದು ಬಹಳ, ಆದರೆ ಯಾರು ತಾವಾಗಿ ಬಾಯಿಬಿಟ್ಟು ಹೇಳಿಕೊಂಡರೋ ಅವರ ಮಾತನ್ನಷ್ಟೇ ಇಲ್ಲಿ ಹೇಳುತ್ತೇನೆ. ಉಳಿದದ್ದು ನನ್ನ ತಳದಲ್ಲಿರಲಿ.

ನನ್ನನ್ನು ಮೊದಲು ಹೊತ್ತವಳು ಶಾಂತವ್ವ. ಹನ್ನೊಂದು ವರ್ಷ ಹೊತ್ತಳು. ಮೊಣಕಾಲು ಸೋತು ಹೋದ ಮೇಲೆ ಮುಂದೇನು ಎಂದು ಹೆಂಗಸರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ದೊರ್ಕಮ್ಮ ಎದ್ದು, "ನಾ ಹೊರತೀನಿ ಬಿಡ್ರಿ" ಎಂದಳು. ದೊರ್ಕಮ್ಮನಿಗೆ ಗಂಡ ತೀರಿಹೋಗಿ ಆಗ ಎರಡು ವರ್ಷ. ಮಕ್ಕಳಿಲ್ಲ. ನೇಕಾರರಿಗೆ ನೂಲು ಸುತ್ತಿಕೊಟ್ಟು ಬದುಕುವವಳು. ಸಪೂರ ಆಳು, ಆದರೆ ಸೊಂಟ ಗಟ್ಟಿ. ಇಪ್ಪತ್ತು ವರ್ಷ ನಾನು ಆ ಸೊಂಟದ ಮೇಲೆ ಕೂತು ಓಣಿ ಸುತ್ತಿದ್ದೇನೆ.

ಅವಳದು ಒಂದು ಪದ್ಧತಿ ಇತ್ತು. ಬೀದಿಗೆ ಮುಖ ಮಾಡಿ ನಿಂತಾಗ ಸುಮ್ಮನೆ ನಿಲ್ಲುತ್ತಿರಲಿಲ್ಲ, ಕರ್ತನ ಪ್ರಾರ್ಥನೆಯನ್ನು ಪಿಸುಮಾತಿನಲ್ಲಿ ಹೇಳುತ್ತಿದ್ದಳು. ಹಾಕುವ ಕೈಗೆ ಹೆಚ್ಚು ಹೊತ್ತು ಬೇಡ. ದಿನದ ಆಹಾರ ಬೇಡುವ ಸಾಲು ಬರುವುದರೊಳಗೆ ಕೈ ಹೊರಗೆ ಬಂದಿರುತ್ತಿತ್ತು, ಅವಳೂ ಅಲ್ಲಿಗೇ ಬಿಟ್ಟು ಮುಂದಿನ ಮನೆಗೆ ನಡೆಯುತ್ತಿದ್ದಳು. ಕೆಲವು ಮನೆಗಳ ಮುಂದೆ ಮಾತ್ರ ಪ್ರಾರ್ಥನೆ ನಿಧಾನವಾಗುತ್ತಿತ್ತು. ಒಂದೊಂದೇ ಪದ ಎಳೆದು ಎಳೆದು ಆಮೆನ್ ತನಕ ಹೋಗುತ್ತಿತ್ತು. ತೆಗೆಯುವ ಕೈಗೆ ಪುರಸೊತ್ತು ಬೇಕಲ್ಲ.

ಅವಳು ಯಾರನ್ನೂ ನೋಡಿದವಳಲ್ಲ. ಆದರೆ ಡಬ್ಬಿ ಸೊಂಟದ ಮೇಲಿರುತ್ತದೆ. ಭಾರವಾಯಿತೋ ಹಗುರಾಯಿತೋ ಎಂದು ಸೊಂಟಕ್ಕೆ ಗೊತ್ತಾಗುವುದಿಲ್ಲವೇ? ಕಣ್ಣು ಮುಚ್ಚಬಹುದು, ಕಿವಿ ಮುಚ್ಚಬಹುದು, ಸೊಂಟ ಮುಚ್ಚಲಾದೀತೇ? ಹೀಗಾಗಿ ಯಾವ ಮನೆಯಲ್ಲಿ ಏನು ನಡೆಯಿತು ಎಂದು ತಿಳಿದವರು ಇಬ್ಬರೇ, ನಾನು ಮತ್ತು ಅವಳು. ನಮ್ಮ ಮೇಲಿದ್ದವನನ್ನು ಬಿಟ್ಟು.

ಈಗ ಯೂನಿಸ್ ಬಾಯಾರ ಮಾತು. ಅವರು ಮುಂದೆ ತಾವೇ ನಡುಬೀದಿಯಲ್ಲಿ ನಿಂತು ಹೇಳಿದ್ದರಿಂದ ನಾನು ಹೇಳಿದರೆ ತಪ್ಪಿಲ್ಲ.

ನಮ್ಮ ಕಡೆ ಶಾಲೆಯ ಶಿಕ್ಷಕಿಯರನ್ನು ಬಾಯಾರು ಎನ್ನುತ್ತಾರೆ. ಓಣಿಯ ಅರ್ಧ ಮಂದಿ ಯೂನಿಸ್ ಬಾಯಾರ ಕೈಯಲ್ಲಿ ಅಕ್ಷರ ಕಲಿತವರು, ಬೆತ್ತದ ರುಚಿಯನ್ನೂ ನೋಡಿದವರು. ಇಸ್ತ್ರಿ ಮಾಡಿದ ಬಿಳಿ ಸೀರೆ, ಮಡಚಿದ ಕೊಡೆ, ನೆಟ್ಟಗಿನ ಬೆನ್ನು. ಹೆಂಗಸರ ಕೂಟಕ್ಕೆ ಹದಿನೈದು ವರ್ಷದಿಂದ ಅವರೇ ಅಧ್ಯಕ್ಷೆ. ಆದರೆ ಅವರು ಕಲಿಸಿದ ಶಾಲೆ ಸರ್ಕಾರದ ಅನುದಾನವಿಲ್ಲದ್ದು, ಪಿಂಚಣಿ ಇಲ್ಲ. ದೊರ್ಕಮ್ಮ ನನ್ನನ್ನು ಹೊರತೊಡಗಿ ಹದಿನೇಳು ವರ್ಷವಾಗಿದ್ದಾಗ ಗಂಡ ಸಾಮುವೇಲ ಮಾಸ್ತರರಿಗೆ ಲಕ್ವಾ ಹೊಡೆದು ಹಾಸಿಗೆ ಹಿಡಿದರು. ಇದ್ದದ್ದೆಲ್ಲ ಔಷಧಕ್ಕೆ ಹೋಯಿತು. ಬಾಗಿಲಿನ ಪರದೆ ಮಾತ್ರ ಎಂದಿನಂತೆ ಬೆಳ್ಳಗಿತ್ತು, ಪರದೆಯ ಹಿಂದೆ ಒಲೆ ತಣ್ಣಗಿತ್ತು. ಮೂರು ಮುದುಕಿಯರ ಸಾಲಿನಲ್ಲಿ ಬಂದು ನಿಂತು ಹಿಟ್ಟು ಇಸಿದುಕೊಳ್ಳಲು ಅವರಿಂದ ಆದೀತೇ? ಬೇಡುವ ಅಭ್ಯಾಸವೇ ಇಲ್ಲದ ಕೈ ಅದು.

ಮೊದಲ ಸಲ ಅವರ ಕೈ ಬರಿದಾಗಿ ಬಂದಾಗ ನಾನು ಗುರುತು ಹಿಡಿಯಲಿಲ್ಲ. ಬೆರಳುಗಳು ಹಿಟ್ಟಿಗೆ ತಾಗಿದ ಕೂಡಲೇ ಬೆಂಕಿ ಮುಟ್ಟಿದಂತೆ ಮೇಲಕ್ಕೆ ಹೋದವು, ಮತ್ತೆ ಇಳಿದವು. ಹೊರಗೆ ದೊರ್ಕಮ್ಮ ಪ್ರಾರ್ಥನೆ ನಿಧಾನ ಮಾಡಿದಳು. ಕೆಲವು ವಾರ ಕಳೆದ ಮೇಲೆ ಆ ಕೈಯಲ್ಲಿ ಒಂದು ಸಣ್ಣ ಬಟ್ಟೆಯ ಚೀಲ ಬರತೊಡಗಿತು. ಇಬ್ಬರ ವಾರದ ರೊಟ್ಟಿ ಒಂದು ಹಿಡಿಯಲ್ಲಿ ಆಗುವುದಿಲ್ಲವಷ್ಟೆ.

ಅದೇ ಹೊತ್ತಿಗೆ ನನ್ನ ಹೊಟ್ಟೆ ಇಳಿಯತೊಡಗಿತು. ಬಾಯಾರೊಬ್ಬರಿಂದಲೇ ಅಲ್ಲ. ಊರಿನಲ್ಲಿ ರೊಟ್ಟಿ ಕೇಂದ್ರಗಳು ಹುಟ್ಟಿಕೊಂಡಿದ್ದವು. ಹೊಸ ಸೊಸೆಯಂದಿರು ಕಟ್ಟಿಟ್ಟ ರೊಟ್ಟಿ ಕೊಂಡು ತರುತ್ತಿದ್ದರು. ರೊಟ್ಟಿ ಬಡಿಯುವ ಸದ್ದೇ ನಿಂತ ಮನೆಯಲ್ಲಿ ಹಿಡಿ ಹಿಟ್ಟು ಎಲ್ಲಿಂದ ಬರಬೇಕು? ಹಾಕುವ ಕೈ ಕಡಿಮೆಯಾದವು, ತೆಗೆಯುವ ಕೈ ಕಡಿಮೆಯಾಗಲಿಲ್ಲ. ಸಭೆಗೆ ತಲುಪಿದಾಗ ಮುದುಕಿಯರ ಪಾಲಿಗೆ ಮೊದಲಿನ ಅರ್ಧ ಉಳಿಯುತ್ತಿತ್ತು.

ದೊರ್ಕಮ್ಮನ ಮನೆ ಓಣಿಯ ಕೊನೆಯದು, ಅದನ್ನು ದಾಟಿದರೆ ಸಭೆ. ಅವಳು ಅಲ್ಲಿ ನನ್ನನ್ನು ಹೊಸ್ತಿಲ ಮೇಲೆ ಇಳಿಸಿ ಒಳಗೆ ಹೋಗಿ, ತನ್ನ ಗಡಿಗೆಯ ತಳ ಕೆರೆದು ಹಿಟ್ಟು ತಂದು ತೋಳಿನೊಳಗೆ ಇಳಿಸುತ್ತಿದ್ದಳು. ದಿನಕ್ಕೆ ಎರಡು ರೊಟ್ಟಿ ತಿನ್ನುವವಳು ಒಂದಕ್ಕೆ ಇಳಿದಿದ್ದಳು. "ಸಾಕೋ ಇನ್ನಾ ಬೇಕೋ?" ಎಂದು ನನ್ನನ್ನೇ ಕೇಳುತ್ತಿದ್ದಳು. ನಾನು ಏನು ಹೇಳಲಿ? ಹೀಗೆ ಮೂರು ವರ್ಷ ನಡೆಯಿತು. ನನ್ನ ತಳಕ್ಕೆ ತುಕ್ಕು ಹಿಡಿಯುತ್ತಿತ್ತು, ಅವಳ ಕೆನ್ನೆ ಒಳಗೆ ಹೋಗುತ್ತಿತ್ತು. ಇಬ್ಬರಿಗೂ ಸಾಕಾಗಿತ್ತು, ಹೇಳಲು ಇಬ್ಬರಿಗೂ ಬಾಯಿ ಇರಲಿಲ್ಲ.

ಹಾಗೆ ಕೈ ಹಾಕಿ ಕೂತಿದ್ದವಳನ್ನು ಎರಡು ಶನಿವಾರ ಗ್ಲೋರಿ ನೋಡಿದಳು.

ಗ್ಲೋರಿ ಕೂಟದ ಹೊಸ ಕಾರ್ಯದರ್ಶಿ. ಇದೇ ಓಣಿಯಲ್ಲಿದ್ದು ತೀರಿಹೋದ ಮಾರ್ತವ್ವನ ಮಗಳು, ಇದೇ ಓಣಿಗೆ ಸೊಸೆಯಾಗಿ ಬಂದವಳು. ಚುರುಕು ಹೆಂಗಸು. ಯಾರ ಮನೆಯಲ್ಲಿ ಕಾಯಿಲೆ ಇದ್ದರೂ ಮೊದಲು ಓಡಿ ಹೋಗುವವಳು ಅವಳೇ. ಮುದುಕಿಯರ ಮನೆಗೆ ಹೋದಾಗ ಒಲೆಯ ಮೇಲೆ ಬರೀ ನೀರು ಕಾಯುತ್ತಿರುವುದನ್ನು ಕಂಡು ಬಂದು ಅತ್ತಿದ್ದಳು. ಹಿಟ್ಟು ಎಲ್ಲಿ ಹೋಗುತ್ತಿದೆ ಎಂದು ಅವಳು ಹುಡುಕಲು ಹೊರಟದ್ದು ಕೆಟ್ಟ ಮನಸ್ಸಿನಿಂದಲ್ಲ. ಇದನ್ನು ನಾನು ಸಿಟ್ಟಿನಲ್ಲೂ ಒಪ್ಪಿಕೊಳ್ಳುತ್ತೇನೆ.

ಭಾನುವಾರ ಆರಾಧನೆಯ ನಂತರ ಕೂಟ ಸೇರಿತು. ನನ್ನನ್ನು ಮೇಜಿನ ಕೆಳಗೆ ಇಟ್ಟಿದ್ದರು. ಅಲ್ಲಿಂದ ನನಗೆ ಕಂಡದ್ದು ಸೀರೆಯ ಅಂಚುಗಳು ಮತ್ತು ಪಾದಗಳು ಮಾತ್ರ. ಮೇಜಿನ ಹಿಂದೆ ಅಧ್ಯಕ್ಷೆಯ ಕುರ್ಚಿಯಲ್ಲಿ ಯೂನಿಸ್ ಬಾಯಾರು.

"ದೊರ್ಕಕ್ಕಾ," ಗ್ಲೋರಿ ಎದ್ದು ನಿಂತಳು, "ನೀ ನಿಮ್ಮ ಮನೀ ಹೊಸ್ತಿಲದಾಗ ಕುಂತು ಡಬ್ಬಿಯೊಳಗ ಕೈ ಹಾಕಿದ್ದನ್ನ ನಾ ಎರಡ ಸಲ ಕಣ್ಣಾರೆ ನೋಡೀನಿ. ಖರೇನೋ ಸುಳ್ಳೋ?"

"ಖರೇನ."

"ಹಾಕಾಕೋ, ತಗೊಳಾಕೋ?"

ಕೋಣೆಯಲ್ಲಿ ಗುಜುಗುಜು ಎದ್ದಿತು. ಮೂಲೆಯಿಂದ ಮುದಿ ಶಾಂತವ್ವ, "ಆ ಮಾತು ಕೇಳಬಾರದವ್ವಾ. ಅಮ್ಮಾರ ಕಾಲದಿಂದ ಯಾರೂ ಕೇಳಿಲ್ಲ" ಎಂದಳು.

"ಕೇಳಲಾರದ್ದಕ್ಕ ಹಿಂಗಾಗೇತಿ," ಗ್ಲೋರಿ ಬಿಡಲಿಲ್ಲ. "ಆ ಮುದುಕೇರು ವಾರದಾಗ ಮೂರ ದಿನಾ ನೀರ ಕುಡುದು ಮಲಗತಾರ. ಅವರ ಪರವಾಗಿ ಮಾತಾಡವ್ರು ಯಾರು? ಬರೂ ಶನಿವಾರ ನಾನೂ ತಕ್ಕಡಿ ತಗೊಂಡು ಸಂಗಾಟ ಬರತೀನಿ. ಮನಿಗೊಮ್ಮೆ ತೂಗೂಣು. ಎಲ್ಲಿ ಕಡಿಮಿ ಆಗತೈತಿ ಅಲ್ಲೇ ಗೊತ್ತಾಗತೈತಿ."

ಮೇಜಿನ ಕೆಳಗೆ ಬಾಯಾರ ಕಾಲ್ಬೆರಳುಗಳು ಚಪ್ಪಲಿಯೊಳಗೆ ಮುದುಡಿಕೊಂಡವು. ದೊರ್ಕಮ್ಮ ಒಂದೇ ಮಾತು ಹೇಳಿದರೆ ಸಾಕಿತ್ತು, ನಾನು ಹಾಕುತ್ತಿದ್ದೆ ಎಂದು. ಆದರೆ ಆ ಮಾತಿನ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತಿತ್ತು: ಹಾಗಾದರೆ ಕಡಿಮೆಯಾದದ್ದು ಯಾರ ಮನೆಯಲ್ಲಿ? ತಕ್ಕಡಿ ಓಣಿಗೆ ಇಳಿದರೆ ಬಾಯಾರ ಒಬ್ಬರ ಮನೆಯಲ್ಲ, ಇನ್ನೂ ನಾಲ್ಕು ಮನೆಗಳ ಪರದೆ ಹರಿಯುತ್ತಿತ್ತು. ದೊರ್ಕಮ್ಮನ ಒಡೆದ ಹಿಮ್ಮಡಿಗಳು ಒಂದು ಹೆಜ್ಜೆ ಮುಂದೆ ಬಂದವು.

"ತಕ್ಕಡಿ ಬ್ಯಾಡವ್ವಾ," ಎಂದಳು. "ನಾನ ತಗೊಂಡೀನಿ."

ಗ್ಲೋರಿಯ ಪಾದಗಳು ಮೇಜಿನ ಕಡೆ ತಿರುಗಿದವು. "ಬಾಯಾರ, ನೀವೇನಂತೀರಿ?" ಎಂದು ಕೇಳಿದಳು.

ಮೇಲಿನಿಂದ ಬಾಯಾರ ದನಿ ಬಂತು. "ಅಕಿನ ಒಪ್ಪಿಕೊಂಡಾಳಲ್ಲ."

ನನಗೆ ಆ ದಿನ ಬಂದ ಸಿಟ್ಟು ಬೆಸುಗೆ ಹಾಕುವಾಗಲೂ ಬಂದಿರಲಿಲ್ಲ. ಮೂರು ವರ್ಷ ನನ್ನ ಹೊಟ್ಟೆಯಿಂದ ತೆಗೆದುಕೊಂಡ ಕೈ ಅದೇ ಮೇಜಿನ ಮೇಲಿತ್ತು. ನಾನು ಮೇಜಿನ ಕೆಳಗಿದ್ದೆ. ತಗಡಿಗೆ ನಾಲಗೆ ಕೊಡದ ದಾವಲಸಾಬರನ್ನು ಆಗ ಬೈದುಕೊಂಡೆ.

ಸಭೆಯವರು ಒಳ್ಳೆಯವರು. ಕಳ್ಳಿ ಎಂದು ಯಾರೂ ಬಾಯಿಬಿಟ್ಟು ಅನ್ನಲಿಲ್ಲ, ಕ್ಷಮಿಸಿಬಿಟ್ಟರು. ಕ್ಷಮೆ ಎಷ್ಟು ಭಾರದ್ದು ಎಂದು ದೊರ್ಕಮ್ಮನಿಗೆ ಆಮೇಲೆ ತಿಳಿಯಿತು. ಮದುವೆಯ ಮನೆಯಲ್ಲಿ ಅವಳು ಅಡುಗೆಗೆ ಕೈ ಹಚ್ಚಲು ಹೋದರೆ, "ನೀ ಕುಂದರಕ್ಕಾ, ನಾವು ಮಾಡತೀವಿ" ಎಂದು ಯಾರಾದರೂ ಮರ್ಯಾದೆಯಿಂದ ದೂರ ಕೂರಿಸುತ್ತಿದ್ದರು. ಅವಳು ಒಳಕೋಣೆಗೆ ಹೋದರೆ ಹಿಂದೆ ಒಬ್ಬರು ಬರುತ್ತಿದ್ದರು.

ಗ್ಲೋರಿ ಸುಮ್ಮನೆ ಕೂರುವವಳಲ್ಲ. ಹಿಡಿ ಹಿಟ್ಟಿನ ಸುತ್ತಾಟ ನಿಲ್ಲಿಸಿ, ಉಳ್ಳವರನ್ನು ಕಂಡು, ತಿಂಗಳಿಗೊಮ್ಮೆ ಕಿಟ್ ಕೊಡುವ ಏರ್ಪಾಡು ಮಾಡಿದಳು. ಹಿಟ್ಟು, ಬೇಳೆ, ಎಣ್ಣೆ, ಸಾಬೂನು, ಎಲ್ಲ ಒಂದೇ ಚೀಲದಲ್ಲಿ. ಮುದುಕಿಯರಿಗೆ ಮೊದಲಿಗಿಂತ ಹೊಟ್ಟೆ ತುಂಬಿತು, ಸುಳ್ಳು ಹೇಳಬಾರದು. ಹಸಿವಿನಿಂದಲೇ ಹಾಗೆ ಮಾಡಿದ್ದಾಳೆ ಪಾಪ ಎಂದು ದೊರ್ಕಮ್ಮನ ಹೆಸರನ್ನೂ ನಾಲ್ಕನೆಯದಾಗಿ ಪಟ್ಟಿಯಲ್ಲಿ ಬರೆದಳು. ಹಿಂದೆ ಬ್ಯಾನರ್ ಕಟ್ಟಿ, ದಾನಿಗಳನ್ನು ನಡುವೆ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು. "ದೊರ್ಕಕ್ಕಾ, ಸ್ವಲ್ಪ ನಗು" ಎಂದರೆ ದೊರ್ಕಮ್ಮ ನಗುತ್ತಿದ್ದಳು.

ಆ ಬೇರೆ ನಾಲ್ಕು ಮನೆಗಳ ಕೈಗಳು ಕಿಟ್ಟಿನ ಸಾಲಿಗೆ ಬರಲಿಲ್ಲ. ಬಾಯಾರೂ ಬರಲಿಲ್ಲ. ಹೇಗೆ ಬಂದಾರು?

ನನ್ನ ತೋಳನ್ನು ಕತ್ತರಿಸಿ ಹಾರ್ಮೋನಿಯಂ ಒರೆಸುವ ಬಟ್ಟೆ ಮಾಡಿಕೊಂಡರು. ಬಾಯಿ ಬೋಳಾದ ನನ್ನನ್ನು, "ಕಿಟ್ಟಿನ ಹಿಟ್ಟು ಇಟ್ಕೊಳಾಕ ಆಗತೈತಿ ತಗೋ" ಎಂದು ದೊರ್ಕಮ್ಮನಿಗೇ ಕೊಟ್ಟರು. ಹಾಗೆ ನಾನು ಮೊದಲ ಸಲ ಒಬ್ಬರ ಸ್ವಂತ ಡಬ್ಬಿಯಾದೆ. ಇಪ್ಪತ್ತು ವರ್ಷ ನನ್ನನ್ನು ಹೊತ್ತವಳು ಈಗ ನನ್ನ ಮುಂದೆ ಕೂತರೆ ನನ್ನೊಳಗೆ ಇಣುಕುತ್ತಿರಲಿಲ್ಲ. ಬೇಕಾದಷ್ಟು ಹಿಟ್ಟು ತೆಗೆದು ಮುಖ ಆಚೆ ತಿರುಗಿಸಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿ ಬಡಿಯುವ ಅವಳ ಕೈಯಲ್ಲಿ ಮೊದಲಿನ ಸದ್ದು ಇರಲಿಲ್ಲ.

ಎರಡು ತಿಂಗಳು ಕಳೆದ ಮೇಲೆ ಒಂದು ಶನಿವಾರ ಬೆಳಿಗ್ಗೆ ಯೂನಿಸ್ ಬಾಯಾರು ಬಂದರು. ನಾನು ಹೊಸ್ತಿಲ ಬಳಿಯಲ್ಲೇ ಬಿಸಿಲಿಗೆ ಕೂತಿದ್ದೆ. ಸೀರೆ ಬಿಳಿಯದೇ, ಇಸ್ತ್ರಿ ಮಾತ್ರ ಇರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತರು. ಒಳಗೆ ಬರಲೂ ಇಲ್ಲ, ಹೋಗಲೂ ಇಲ್ಲ.

"ಒಳಗ ಬರ್ರಿ ಬಾಯಾರ," ದೊರ್ಕಮ್ಮ ನೂಲು ಸುತ್ತುವುದನ್ನು ನಿಲ್ಲಿಸಿ ಎದ್ದಳು.

"ನಾಳೆ ಸಭಿಯೊಳಗ ಎದ್ದ ನಿಂತು ಎಲ್ಲಾ ಹೇಳತೀನಿ," ಬಾಯಾರು ಹೇಳಿದರು. "ಅದಕ್ಕೂ ಮೊದಲು ನಿನಗೊಂದು ಮಾತು ಕೇಳಬೇಕಂತ ಬಂದೆ. ಕ್ಷಮಾ ಅನ್ನೂ ಮಾತು. ಬಾಯಾಗ ಬರವಲ್ದು."

"ಅದೆಲ್ಲಾ ಇರಲಿ ಬಿಡ್ರಿ. ಮನ್ಯಾಗ ಹಿಟ್ಟ ಐತೇನ್ರಿ?"

ಬಾಯಾರು ತಲೆ ತಗ್ಗಿಸಿದರು. ಇಡೀ ಓಣಿಗೆ ತಲೆ ಎತ್ತಿ ನಡೆಯಲು ಕಲಿಸಿದವರು.

"ಗುರುವಾರ ಮುಗೀತು. ಇದ್ದದ್ದು ಅವರಿಗೆ ಅಂಬಲಿ ಮಾಡಿ ಕುಡಿಸೀನಿ."

"ಮತ್ತ ನೀವು?"

ದೊರ್ಕಮ್ಮ ಉತ್ತರಕ್ಕೆ ಕಾಯದೆ ನನ್ನನ್ನು ಎಳೆದುಕೊಂಡಳು. ಪಾತ್ರೆಯೊಂದನ್ನು ತಂದು, ನನ್ನೊಳಗಿದ್ದ ಹಿಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನೇ ತೋಡಿ ತುಂಬಿದಳು. ಒಂದು ಬಟ್ಟೆ ತಂದು ಮೇಲೆ ಮುಚ್ಚಿದಳು. "ಹಿಂದಿನ ಓಣಿಯಿಂದ ಹೋಗ್ರಿ, ಅಲ್ಲೆ ಯಾರೂ ಇರಂಗಿಲ್ಲ," ಎಂದಳು. "ಮತ್ತ ನಾಳೆ ಏನೂ ಹೇಳಬ್ಯಾಡ್ರಿ. ನೀವು ಹೇಳಿದ್ರ ಉಳಿದವ್ರು ಯಾರಂತ ಲೆಕ್ಕಾ ಹಾಕಾಕ ಸುರು ಮಾಡತಾರ. ನನ್ನ ಹೆಸರು ಹೆಂಗೂ ಹೋಗೇತಿ. ಒಬ್ಬರದು ಹೋದ್ರ ಸಾಕು."

ಬಾಯಾರು ಅವಳ ಮುಖವನ್ನೇ ನೋಡಿದರು. ಗುಳಿಬಿದ್ದ ಆ ಕೆನ್ನೆಗಳನ್ನು ನೋಡುತ್ತಿದ್ದಂತೆ ಅವರಿಗೆ ಏನೋ ಹೊಳೆದಿರಬೇಕು. "ಆ ಎರಡು ಶನಿವಾರ ಗ್ಲೋರಿ ನೋಡಿದ್ದು," ಎಂದು ಶುರು ಮಾಡಿದರು, "ನೀ ಹಾಕಾಕತ್ತಿದ್ದಿ, ಹೌದಿಲ್ಲೋ? ನಾ ತಗೊಂಡದ್ದನ್ನ ತುಂಬಾಕ."

ದೊರ್ಕಮ್ಮ ಮತ್ತೆ ನೂಲಿನ ಎಳೆ ಹಿಡಿದು ಕೂತಳು.

ಬಾಯಾರು ಪಾತ್ರೆ ಎತ್ತಿಕೊಂಡರು. ಮೇಲಿನ ಬಟ್ಟೆಯನ್ನು ತೆಗೆದು ನನ್ನ ಬಾಯಿಯ ಮೇಲೆ ಹಾಕಿದರು. ಹಿಂದಿನ ಓಣಿಗೆ ತಿರುಗಲಿಲ್ಲ. ತೆರೆದ ಪಾತ್ರೆಯನ್ನು ಎದೆಯ ಮುಂದೆ ಎರಡೂ ಕೈಯಲ್ಲಿ ಹಿಡಿದುಕೊಂಡು ನಡುಬೀದಿಯಲ್ಲಿ ನಡೆದರು. ಮೂರು ಮನೆ ಆಚೆ ಗ್ಲೋರಿ ಕಟ್ಟೆಯ ಮೇಲೆ ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು. ಶನಿವಾರ ಬೆಳಗಿನ ಹೊತ್ತು, ಕಟ್ಟೆಗೊಬ್ಬರಂತೆ ಹೆಂಗಸರಿದ್ದರು.

"ಏನ್ರಿ ಬಾಯಾರ ಅದು?"

"ಹಿಟ್ಟು."

"ಯಾರ ಕೊಟ್ರು?"

"ದೊರ್ಕಮ್ಮ."

"ಅಕಿ ನಿಮಗ್ಯಾಕ ಕೊಡತಾಳ್ರಿ?"

ಬಾಯಾರು ನಿಂತರು. ಪಾಠ ಹೇಳುವಾಗಿನ ಗಟ್ಟಿ ದನಿ, ಕೊನೆಯ ಬೆಂಚಿಗೂ ಕೇಳುವಂಥದ್ದು, ನಮ್ಮ ಹೊಸ್ತಿಲವರೆಗೂ ಬಂತು. "ಮನ್ಯಾಗ ತಿನ್ನಾಕ ಇಲ್ಲ ಅದಕ್ಕ. ಮೂರು ವರ್ಷದಿಂದ ಆ ಡಬ್ಬಿಯೊಳಗಿಂದ ತಗೊಂಡಾಕಿ ನಾನು, ಗ್ಲೋರಿ. ದೊರ್ಕಮ್ಮ ತನ್ನ ಹೊಟ್ಟೀದು ತಗದು ಅದನ್ನ ತುಂಬಸ್ತಿದ್ಲು. ಕೂಟದಾಗ ಎಲ್ಲಾರ ಮುಂದ ಅಕಿ ಕಳ್ಳಿ ಆದಾಗ ನಾ ಅಧ್ಯಕ್ಷೆ ಕುರ್ಚಿ ಮ್ಯಾಲ ಕುಂತಿದ್ದೆ."

ಇಷ್ಟು ಹೇಳಿ ಮನೆಗೆ ಹೋದರು. ಗಂಡನಿಗೆ ಹಸಿವಾಗಿತ್ತು.

ದೊರ್ಕಮ್ಮ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು. ಹೋದ ಹೆಸರು ತಿರುಗಿ ಬಂದದ್ದಕ್ಕೆ ಅವಳಿಗೆ ಸಂತೋಷವಾಯಿತೇ? ನನಗೆ ಕಂಡದ್ದು ದಣಿವು ಮಾತ್ರ. ಗಳಗಳ ಅತ್ತಳು, ಮೂಗು ಒರೆಸಿಕೊಂಡಳು, ಮತ್ತೆ ನೂಲು ಸುತ್ತತೊಡಗಿದಳು.

ಗ್ಲೋರಿ ಬಂದದ್ದು ಮಧ್ಯಾಹ್ನ. ಹೊಸ್ತಿಲಾಚೆ ನೆಲದ ಮೇಲೇ ಕೂತಳು. ಕಣ್ಣು ಕೆಂಪಾಗಿತ್ತು.

"ಸುಳ್ಳ ಯಾಕ ಹೇಳಿದಿ ಅಕ್ಕಾ? ನಾನ ತಗೊಂಡೀನಿ ಅಂತ ಯಾಕಂದಿ?"

"ಸುಳ್ಳೆಲ್ಲೈತಿ?" ದೊರ್ಕಮ್ಮ ಎಳೆಯಿಂದ ಕಣ್ಣು ತೆಗೆಯಲಿಲ್ಲ. "ತಗೊಂಡೀನಿ. ನಮ್ಮನಿಯವರು ಸತ್ತ ವರ್ಷ, ಮಳಿಗಾಲ ಪೂರ್ತಿ. ಶಾಂತವ್ವ ಬೀದಿ ಕಡಿ ಮುಖಾ ಮಾಡಿ ನಿಂತಿರತಿದ್ಲು. ಅಕಿ ತಿರುಗಿ ನೋಡಲಿಲ್ಲ, ನಾ ಉಳಕೊಂಡೆ."

ಗ್ಲೋರಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು. ಅವಳು ಎಂಟು ವರ್ಷದವಳಿದ್ದಾಗ ಅಪ್ಪ ಮನೆ ಬಿಟ್ಟು ಹೋಗಿದ್ದ. ಇದು ಓಣಿಗೆಲ್ಲ ಗೊತ್ತಿದ್ದ ಮಾತು. ನಾಲ್ಕು ಹೊಟ್ಟೆ ಹೊರೆದದ್ದು ಮಾರ್ತವ್ವ ಒಬ್ಬಳೇ. ಹೇಗೆ ಹೊರೆದಳೆಂದು ಗ್ಲೋರಿ ಆವರೆಗೆ ಕೇಳಿಕೊಂಡಿರಲಿಲ್ಲ ಎಂದು ಕಾಣುತ್ತದೆ.

"ಅಕ್ಕಾ," ಎಂದಳು ಕೊನೆಗೆ, ಸಣ್ಣ ದನಿಯಲ್ಲಿ. "ನಮ್ಮವ್ವ ಡಬ್ಬಿಯೊಳಗ ಹಾಕತಿದ್ಲೋ, ತಗೊಂತಿದ್ಲೋ?"

ದೊರ್ಕಮ್ಮ ಆಗ ಕೈ ನಿಲ್ಲಿಸಿ ಅವಳ ತಲೆ ಸವರಿದಳು.

"ನಾ ಬೀದಿ ಕಡಿ ಮುಖಾ ಮಾಡಿದ್ದೆನಲ್ಲವ್ವಾ. ನನಗೇನ ಗೊತ್ತು?"

ಅದಾಗಿ ಏಳು ವರ್ಷವಾಯಿತು. ಕಿಟ್ ಈಗಲೂ ಉಂಟು. ಬ್ಯಾನರ್ ಇಲ್ಲ, ಫೋಟೋ ಇಲ್ಲ. ಗ್ಲೋರಿ ಚೀಲಗಳನ್ನು ಸಭೆಯ ಹಿಂದಿನ ಕೋಣೆಯಲ್ಲಿಟ್ಟು, ಬಾಗಿಲು ತೆರೆದು, ತಾನು ಎದ್ದು ಹೋಗಿಬಿಡುತ್ತಾಳೆ. ಯಾವುದೋ ಚೀಲ ಉಳಿಯುತ್ತದೆ, ಯಾವುದೋ ಖಾಲಿಯಾಗುತ್ತದೆ. ಕೆಲವು ಸಲ ಅವಳು ಇಟ್ಟದ್ದಕ್ಕಿಂತ ಒಂದು ಹೆಚ್ಚೇ ಇರುತ್ತದಂತೆ. ಸಾಮುವೇಲ ಮಾಸ್ತರರು ತೀರಿಕೊಂಡರು. ಬಾಯಾರು ಈಗ ಅಧ್ಯಕ್ಷೆಯಲ್ಲ. ಸಂಜೆ ಹೊತ್ತು ದೊರ್ಕಮ್ಮನ ಜೊತೆ ಕೂತು ನೂಲು ಸುತ್ತುವುದನ್ನು ಕಲಿಯುತ್ತಾರೆ, ಎಳೆ ಕಡಿದು ಬೈಸಿಕೊಳ್ಳುತ್ತಾರೆ.

ನನ್ನ ತಳ ತುಕ್ಕು ತಿಂದು ತೂತಾಗಿದೆ. ಹಿಟ್ಟು ನಿಲ್ಲುವುದಿಲ್ಲ. ದೊರ್ಕಮ್ಮ ನನ್ನನ್ನು ಗುಜರಿಗೆ ಹಾಕದೆ ಬೂದಿ ತುಂಬಿ ಹಿತ್ತಲಲ್ಲಿ ಇಟ್ಟಿದ್ದಾಳೆ. ಕೋಳಿಯೊಂದು ನನ್ನೊಳಗೆ ಕಾವಿಗೆ ಕೂತಿದೆ. ಸಾಕು, ಈ ವಯಸ್ಸಿಗೆ ಇಷ್ಟು ಬೆಚ್ಚಗಿದ್ದರೆ ಸಾಕು. ಕೊಡುವ ಕೈ ಮೇಲೆ, ಇಸಿದುಕೊಳ್ಳುವ ಕೈ ಕೆಳಗೆ ಎಂದು ಜನ ಹೇಳುವುದನ್ನು ಕೇಳಿದ್ದೇನೆ. ಮೂವತ್ತು ವರ್ಷ ಎರಡೂ ಬಗೆಯ ಕೈಗಳು ಒಂದೇ ತೋಳಿನೊಳಗಿಂದ ಇಳಿದು ನನ್ನನ್ನು ಮುಟ್ಟಿದವು. ಎರಡಕ್ಕೂ ಹಿಟ್ಟು ಮೆತ್ತಿಕೊಂಡೇ ಹೊರಗೆ ಹೋಗುತ್ತಿತ್ತು.

ಗ್ಲೋರಿ ಈಗಲೂ ಒಮ್ಮೊಮ್ಮೆ ಹಿತ್ತಲಿಗೆ ಬಂದು ನನ್ನ ಮುಂದೆ ಸುಮ್ಮನೆ ನಿಲ್ಲುತ್ತಾಳೆ. ಮಾರ್ತವ್ವನ ಕೈ ನನಗೆ ಚೆನ್ನಾಗಿ ನೆನಪಿದೆ. ಹೆಬ್ಬೆರಳಿನ ಹತ್ತಿರ ಸುಟ್ಟ ಗಾಯದ ಕಲೆಯಿತ್ತು. ಆ ಕೈ ಹಾಕಿತೋ, ತೆಗೆಯಿತೋ, ನಾನು ಹೇಳುವುದಿಲ್ಲ.